ಪ್ರಾಸ್ಟೇಟ್ ಕ್ಯಾನ್ಸರ್: ರೋಗದ ನಡೆ, ಚಿಕಿತ್ಸೆಯ ಆಯ್ಕೆ

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಗುದನಾಳದ ಮುಂಬದಿಗೆ ತಾಗಿಕೊಂಡು, ಮೂತ್ರನಾಳದ ಮೊದಲ ಭಾಗವನ್ನು ಸುತ್ತುವರಿದು ಅದು ಕೂತಿರುತ್ತದೆ. ಹರೆಯದವರಲ್ಲಿ ಅದರ ತೂಕ ಸುಮಾರು 20 ಗ್ರಾಂ, ಗಾತ್ರ ಸಿಪ್ಪೆ ಸುಲಿಯದ ಅಡಿಕೆಕಾಯಿಯಷ್ಟು. ವೀರ್ಯದ ದ್ರವದಲ್ಲಿ ಸುಮಾರು ಕಾಲುಪಾಲು ಈ ಗ್ರಂಥಿಯ ಕೊಡುಗೆ. ಸ್ಖಲನವಾದೊಡನೆ ಹೆಪ್ಪುಗಟ್ಟುವ ವೀರ್ಯವನ್ನು ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆಳುವಾಗಿಸಿ ವೀರ್ಯಾಣುಗಳ ಓಡಾಟಕ್ಕೆ ದಾರಿ ಬಿಡುವ ಪ್ರೋಟೀನೊಂದನ್ನು ಇದರ ಜೀವಕೋಶಗಳು ತಯಾರಿಸುತ್ತವೆ. ಅದರ ಹೆಸರು ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್, ಬಳಕೆಯಲ್ಲಿ ಪಿಎಸ್‌ಎ. ಅದು ಇರಬೇಕಾದ ಜಾಗ ವೀರ್ಯ, ರಕ್ತಕ್ಕೆ ಸೋರುವುದು ಅತ್ಯಲ್ಪ. ಆ ಸೋರಿಕೆ ಹೆಚ್ಚಿದೆಯೇ ಎಂದು ನೋಡುವುದರಿಂದಲೇ ಇಂದು ಈ ರೋಗದ ಹುಡುಕಾಟ ಬಹುಮಟ್ಟಿಗೆ ಶುರುವಾಗುತ್ತದೆ.

ಗ್ರಂಥಿಯ ಒಳರಚನೆಯನ್ನು ತಿಳಿಯದೆ ರೋಗದ ನಡೆಯನ್ನು ತಿಳಿಯಲಾಗದು. ಅಮೆರಿಕದ ರೋಗಶಾಸ್ತ್ರಜ್ಞ ಜಾನ್ ಮೆಕ್‌ನೀಲ್ 20ನೇ ಶತಮಾನದ ಉತ್ತರಾರ್ಧದಲ್ಲಿ ಈ ಗ್ರಂಥಿಯನ್ನು ವಲಯಗಳಾಗಿ ವಿಂಗಡಿಸಿ ತೋರಿಸಿದರು. ಮೂತ್ರನಾಳವನ್ನು ಅಪ್ಪಿಕೊಂಡಿರುವ ಪುಟ್ಟ ಒಳವಲಯವೇ ವಯಸ್ಸಾದಂತೆ ಉಬ್ಬುವುದು. ಐವತ್ತು ದಾಟಿದವರಿಗೆ ಮೂತ್ರದ ಧಾರೆ ಸಣ್ಣಗಾಗುವುದು, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುವುದು, ಎಷ್ಟು ಹೋದರೂ ಇನ್ನೂ ಉಳಿದಿದೆ ಎನ್ನಿಸುವುದು ಹೆಚ್ಚಾಗಿ ಈ ಉಬ್ಬಿನಿಂದ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವಂಥದೂ ಅಲ್ಲ. ಕ್ಯಾನ್ಸರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಹುಟ್ಟುವುದು ಹಿಂಬದಿಯಲ್ಲೂ ಅಂಚಿನಲ್ಲೂ ಹರಡಿರುವ ಹೊರವಲಯದಲ್ಲಿ. ಅಲ್ಲಿಂದ ಮೂತ್ರನಾಳ ದೂರವಿರುವುದರಿಂದ ಗಡ್ಡೆ ಸಾಕಷ್ಟು ಬೆಳೆಯುವವರೆಗೆ ಮೂತ್ರಕ್ಕೆ ಅಡ್ಡಿ ಬರುವುದಿಲ್ಲ, ನೋವೂ ಇರುವುದಿಲ್ಲ. ಮೂತ್ರದ ತೊಂದರೆ ಇದ್ದವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇಲ್ಲದಿರುವುದಕ್ಕೂ, ಕ್ಯಾನ್ಸರ್ ಶುರುವಾದವರಲ್ಲಿ ಬಹುಪಾಲು ಮಂದಿಗೆ ಯಾವ ತೊಂದರೆಯೂ ಕಾಣದಿರುವುದಕ್ಕೂ ಈ ರಚನೆಯೇ ಕಾರಣ. ಹೊರವಲಯ ಗುದನಾಳದ ಗೋಡೆಗೆ ಒರಗಿಕೊಂಡಿರುವುದರಿಂದ ವೈದ್ಯರ ಬೆರಳಿಗೆ ಗಟ್ಟಿ ಗಂಟು ಸಿಗುವುದುಂಟು. ಸಂಕೋಚದಿಂದ ರೋಗಿಗಳು ಬೇಡವೆನ್ನುವ, ಅವಸರದಲ್ಲಿ ವೈದ್ಯರೂ ಬಿಟ್ಟುಬಿಡುವ ಈ ಬೆರಳು ಪರೀಕ್ಷೆಗೆ ಇಂದಿಗೂ ಬೆಲೆಯಿದೆ.

1853ರಲ್ಲಿ ಲಂಡನ್ ಆಸ್ಪತ್ರೆಯ ಶಸ್ತ್ರವೈದ್ಯ ಆಡಮ್ಸ್ ಸೂಕ್ಷ್ಮದರ್ಶಕದಡಿ ನೋಡಿ ಖಚಿತಪಡಿಸಿದ ಪ್ರಾಸ್ಟೇಟ್ ಕ್ಯಾನ್ಸರನ್ನು ವರದಿ ಮಾಡಿ, ಇದು ಬಹಳ ಅಪರೂಪದ ರೋಗವೆಂದು ಬರೆದರು. ಆ ಕಾಲಕ್ಕೆ ಅದು ಸಹಜವಾದ ಮಾತು. ಈ ರೋಗ ಬರುವ ವಯಸ್ಸಿನವರೆಗೆ ಬದುಕುತ್ತಿದ್ದವರೇ ಕಡಿಮೆ. ಇಂದು ಜಗತ್ತಿನ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಬಿಟ್ಟರೆ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದವರು 14 ಲಕ್ಷಕ್ಕೂ ಹೆಚ್ಚು, ಸತ್ತವರು ಸುಮಾರು 4 ಲಕ್ಷ. ಭಾರತದಲ್ಲಿ ಆ ವರ್ಷ ಹೊಸ ರೋಗಿಗಳ ಅಂದಾಜು ಸುಮಾರು 38 ಸಾವಿರ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ ಭಾರತದ ದರ ಅಮೆರಿಕದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಈ ಅಂತರದಲ್ಲಿ ಒಂದಿಷ್ಟು ನಿಜವಾದ ವ್ಯತ್ಯಾಸ, ಒಂದಿಷ್ಟು ಪರೀಕ್ಷೆಯೇ ಆಗದಿರುವುದರ ಫಲ. ನಗರಗಳ ಚಿತ್ರ ಬೇರೆಯೇ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ನಗರದ ಗಂಡಸರ ಮುಂಚೂಣಿಯ ಕ್ಯಾನ್ಸರ್‌ಗಳ ಸಾಲಿಗೆ ಪ್ರಾಸ್ಟೇಟ್ ಸೇರಿದೆ. ದೆಹಲಿ, ಮುಂಬೈಗಳದ್ದೂ ಇದೇ ಕತೆ. ಆಯುಷ್ಯ ಹೆಚ್ಚುತ್ತಿರುವ ಕರ್ನಾಟಕದಲ್ಲಿ ಈ ಸಂಖ್ಯೆ ಏರುವುದು ಖಂಡಿತ.

ಎಲ್ಲಕ್ಕಿಂತ ದೊಡ್ಡ ಅಪಾಯಕಾರಿ ಅಂಶ ವಯಸ್ಸು. ಬೇರೆ ಕಾರಣಗಳಿಂದ ತೀರಿಕೊಂಡವರ ಶವಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಂಬತ್ತರ ಆಸುಪಾಸಿನ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪ್ರಾಸ್ಟೇಟಿನಲ್ಲಿ ಸದ್ದಿಲ್ಲದೆ ಕೂತಿದ್ದ ಕ್ಯಾನ್ಸರ್ ಕೋಶಗಳು ಕಂಡುಬಂದಿವೆ. ಅವರಿಗೆ ಬದುಕಿರುವವರೆಗೆ ಅದರ ಸುಳಿವೂ ಇರಲಿಲ್ಲ. ಇದೇ ಗ್ರಂಥಿಯ ಇದೇ ಹೆಸರಿನ ರೋಗ ಇನ್ನೊಬ್ಬರಲ್ಲಿ ಮೂರು ನಾಲ್ಕು ವರ್ಷಗಳಲ್ಲಿ ಬೆನ್ನುಮೂಳೆಗೆ ಹಬ್ಬಿ ಪ್ರಾಣ ತೆಗೆಯುತ್ತದೆ. ಎರಡನ್ನೂ ಒಂದೇ ರೋಗವೆಂದು ಕಂಡು ಒಂದೇ ಬಗೆಯಲ್ಲಿ ಎದುರಿಸಿದ್ದರಿಂದ ಕಳೆದ ಅರ್ಧ ಶತಮಾನದಲ್ಲಿ ಆದ ಹಾನಿ ಸಣ್ಣದಲ್ಲ. ಯಾವುದನ್ನು ಬಿಟ್ಟು ಕಾಯಬೇಕು, ಯಾವುದರ ಮೇಲೆ ಪೂರ್ತಿ ಬಲದಿಂದ ಎರಗಬೇಕು ಎಂದು ಬೇರ್ಪಡಿಸುವುದೇ ಈ ಶಾಸ್ತ್ರದ ತಿರುಳು. ಪತ್ತೆ, ವರ್ಗೀಕರಣ, ಚಿಕಿತ್ಸೆಗಳಲ್ಲಿ ಆಗಿರುವ ಮುನ್ನಡೆಯೆಲ್ಲ ಈ ಬೇರ್ಪಡಿಸುವ ಕೆಲಸದ ಸುತ್ತಲೇ ಆದದ್ದು.

ವಯಸ್ಸಿನ ನಂತರದ ಸ್ಥಾನ ವಂಶದ್ದು. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಮನೆತನದ ಹೆಂಗಸರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಕಂಡಿದ್ದರೆ ಅದೂ ಗಂಡಸರ ಲೆಕ್ಕಕ್ಕೆ ಬರುತ್ತದೆ. ಬಿಆರ್‌ಸಿಎ2 ಎಂಬ ವಂಶವಾಹಿಯ ದೋಷ ಮಗಳಿಗೆ ಹೋದಂತೆ ಮಗನಿಗೂ ಹೋಗುತ್ತದೆ, ಮತ್ತು ಆ ದೋಷ ಹೊತ್ತವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಬರುತ್ತದೆ, ಉಗ್ರವಾಗಿಯೂ ಇರುತ್ತದೆ. ಆಫ್ರಿಕನ್ ಮೂಲದವರಲ್ಲಿ ರೋಗದ ಪ್ರಮಾಣವೂ ಸಾವೂ ಹೆಚ್ಚು. ಆಹಾರದ ವಿಷಯದಲ್ಲಿ ಪ್ರಚಾರಕ್ಕಿರುವಷ್ಟು ಬಲ ಪುರಾವೆಗಿಲ್ಲ. ಅಮೆರಿಕದಲ್ಲಿ 2001ರಲ್ಲಿ ಆರಂಭವಾಗಿ 35 ಸಾವಿರಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ ಸೆಲೆಕ್ಟ್ ಎಂಬ ಅಧ್ಯಯನದಲ್ಲಿ ಸೆಲೆನಿಯಂ ಗುಳಿಗೆಯಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ವಿಟಮಿನ್ ಇ ನುಂಗಿದವರಲ್ಲಿ ರೋಗ ಶೇ. 17ರಷ್ಟು ಹೆಚ್ಚಾಯಿತು. ಪ್ರಾಸ್ಟೇಟನ್ನು ಕಾಪಾಡುತ್ತದೆಂದು ಅಂಗಡಿಗಳಲ್ಲಿ ಮಾರುವ ಪುಡಿ, ಗುಳಿಗೆಗಳನ್ನು ಕೊಳ್ಳುವ ಮುನ್ನ ಈ ಫಲಿತಾಂಶ ಗೊತ್ತಿರುವುದು ಒಳ್ಳೆಯದು.

ಪಿಎಸ್‌ಎಯನ್ನು ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಸಂಶೋಧಕರು 1979ರಲ್ಲಿ ಪ್ರಾಸ್ಟೇಟ್ ಅಂಗಾಂಶದಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದರು. 1986ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ಚಿಕಿತ್ಸೆ ಆದವರಲ್ಲಿ ರೋಗ ಮರಳಿದೆಯೇ ಎಂದು ನೋಡುವುದಕ್ಕೆ. ರೋಗವನ್ನು ಹುಡುಕುವುದಕ್ಕೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅಷ್ಟು ಹೊತ್ತಿಗಾಗಲೇ ಆರೋಗ್ಯವಂತರಲ್ಲಿ ಅದನ್ನು ಧಾರಾಳವಾಗಿ ಬಳಸಲಾಗುತ್ತಿತ್ತು. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬ ಗೆರೆ ರೂಢಿಗೆ ಬಂದಿತು. ಈ ಗೆರೆ ಅನುಕೂಲಕ್ಕಾಗಿ ಎಳೆದದ್ದು, ದೇಹ ಎಳೆದದ್ದಲ್ಲ. 4ರಿಂದ 10ರವರೆಗೆ ಇರುವವರಿಗೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ಪರೀಕ್ಷಿಸುವುದು) ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ. ಹಾಗೆಯೇ 4ಕ್ಕಿಂತ ಕಡಿಮೆ ಇದ್ದವರಿಗೂ ಬಯಾಪ್ಸಿ ಮಾಡಿ ನೋಡಿದ ಅಮೆರಿಕದ ಒಂದು ಅಧ್ಯಯನದಲ್ಲಿ ಶೇ. 15 ಮಂದಿಗೆ ಕ್ಯಾನ್ಸರ್ ಇತ್ತು. ಗ್ರಂಥಿಯ ಸಾಮಾನ್ಯ ಉಬ್ಬು, ಮೂತ್ರದ ಸೋಂಕು, ಮೂತ್ರ ಕಟ್ಟಿದಾಗ ಹಾಕುವ ಕೊಳವೆ ಇವೆಲ್ಲ ಪಿಎಸ್‌ಎಯನ್ನು ಏರಿಸುತ್ತವೆ. ಉಬ್ಬು ಇಳಿಸಲು ಕೊಡುವ ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ಮಾತ್ರೆಗಳು ಅದನ್ನು ಸುಮಾರು ಅರ್ಧಕ್ಕೆ ಇಳಿಸಿ ನಿಜವಾದ ಏರಿಕೆಯನ್ನು ಮರೆಮಾಡಬಲ್ಲವು. ಜ್ವರ, ಉರಿಮೂತ್ರ ಇರುವ ದಿನ ಮಾಡಿಸಿದ ಒಂದು ಪರೀಕ್ಷೆಯ ಅಂಕಿ ನೋಡಿ ಮನೆಮಂದಿಯೆಲ್ಲ ಗಾಬರಿಯಾಗುವುದು ಅನಗತ್ಯ. ಸೋಂಕು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ಮಾಡಿಸುವುದೇ ಕ್ರಮ.

ಆರೋಗ್ಯವಂತ ಗಂಡಸರಿಗೆಲ್ಲ ಈ ಪರೀಕ್ಷೆ ಮಾಡಬೇಕೇ ಎಂಬ ವಾದ ಮುಗಿದಿಲ್ಲ. ಯುರೋಪಿನ ಎಂಟು ದೇಶಗಳಲ್ಲಿ 55ರಿಂದ 69 ವಯಸ್ಸಿನ 1 ಲಕ್ಷ 62 ಸಾವಿರ ಮಂದಿಯನ್ನು ಅನುಸರಿಸಿದ ಅಧ್ಯಯನ 2025ರಲ್ಲಿ ತನ್ನ 23 ವರ್ಷಗಳ ಫಲಿತಾಂಶವನ್ನು ಪ್ರಕಟಿಸಿತು. ಪರೀಕ್ಷೆಗೆ ಕರೆಸಿಕೊಂಡ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇ. 13ರಷ್ಟು ಕಡಿಮೆ, ಒಂದು ಸಾವು ತಪ್ಪಬೇಕಾದರೆ 456 ಮಂದಿಯನ್ನು ಕರೆಸಬೇಕು, ಹನ್ನೆರಡು ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಗಬೇಕು. ಆ ಹನ್ನೆರಡರಲ್ಲಿ ಉಳಿದವರ ಪೈಕಿ ಹಲವರಿಗೆ ಆ ರೋಗ ಎಂದೂ ತೊಂದರೆ ಕೊಡುತ್ತಿರಲಿಲ್ಲ. ಅಮೆರಿಕದ ತಜ್ಞ ಸಮಿತಿ 2012ರಲ್ಲಿ ಈ ತಪಾಸಣೆಯೇ ಬೇಡವೆಂದು ಹೇಳಿ, 2018ರಲ್ಲಿ ನಿಲುವು ಬದಲಿಸಿ, 55ರಿಂದ 69ರವರೆಗಿನವರು ವೈದ್ಯರೊಡನೆ ಕೂತು ಲಾಭನಷ್ಟ ತಿಳಿದು ನಿರ್ಧರಿಸಲಿ ಎಂದಿತು. ಎಪ್ಪತ್ತು ದಾಟಿದವರಿಗೆ ವಾಡಿಕೆಯ ತಪಾಸಣೆಯನ್ನು ಅದು ಒಪ್ಪುವುದಿಲ್ಲ.

ಕರ್ನಾಟಕದ ಸಮಸ್ಯೆ ಇದರ ತದ್ವಿರುದ್ಧ ತುದಿಯಲ್ಲಿದೆ. ಪಶ್ಚಿಮದಲ್ಲಿ ಚಿಂತೆ ಅತಿಯಾಗಿ ಪತ್ತೆಯಾಗುವುದರದ್ದು. ಇಲ್ಲಿ ಚಿಂತೆ ತಡವಾಗಿ ಪತ್ತೆಯಾಗುವುದರದ್ದು. ಮೂತ್ರದ ತೊಂದರೆಯನ್ನು ವಯಸ್ಸಿನ ಪಾಲಿಗೆ ಹಾಕಿ, ಸೊಂಟನೋವನ್ನು ದುಡಿಮೆಯ ಪಾಲಿಗೆ ಹಾಕಿ, ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕಳೆದವರು ಕಾಲು ಸೋಲತೊಡಗಿದಾಗ ಆಸ್ಪತ್ರೆಗೆ ಬರುವುದು ಸಾಮಾನ್ಯ. ಅವರಲ್ಲಿ ಪಿಎಸ್‌ಎ ನೂರನ್ನೋ ಸಾವಿರವನ್ನೋ ದಾಟಿರುತ್ತದೆ. ಇಡೀ ರಾಜ್ಯಕ್ಕೆ ಸಾಮೂಹಿಕ ತಪಾಸಣೆ ನಡೆಸುವ ಮಾತು ಬೇರೆ. ಐವತ್ತು ದಾಟಿ ಮೂತ್ರದ ತೊಂದರೆಯೆಂದು ಬಂದವರನ್ನೂ, ವಾಸಿಯಾಗದ ಬೆನ್ನುನೋವಿನ ಹಿರಿಯರನ್ನೂ, ನಲವತ್ತೈದು ದಾಟಿದ, ಮನೆತನದಲ್ಲಿ ರೋಗವಿರುವವರನ್ನೂ ತಾಲ್ಲೂಕು ಮಟ್ಟದಲ್ಲೇ ಒಂದು ರಕ್ತಪರೀಕ್ಷೆ ಮತ್ತು ಬೆರಳು ಪರೀಕ್ಷೆಗೆ ಒಳಪಡಿಸಿದರೆ ಉಳಿಯುವ ಜೀವಗಳು ಹಲವು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ.

ಪಿಎಸ್‌ಎ ಏರಿದೆ ಎಂದ ಕೂಡಲೇ ಸೂಜಿ ಹಾಕುವ ಕಾಲ ಹೋಗುತ್ತಿದೆ. ಮೊದಲು ಎಂಆರ್‌ಐ ಚಿತ್ರ ತೆಗೆದು, ಅನುಮಾನದ ಜಾಗಗಳಿಗೆ 1ರಿಂದ 5ರವರೆಗೆ ಪೈ-ರಾಡ್ಸ್ ಅಂಕ ಕೊಟ್ಟು, 3 ಅಥವಾ ಅದಕ್ಕೂ ಮೇಲಿದ್ದರೆ ಆ ಜಾಗಕ್ಕೇ ಗುರಿಯಿಟ್ಟು ಬಯಾಪ್ಸಿ ಮಾಡುವ ಪದ್ಧತಿ ಬಂದಿದೆ. 2018ರಲ್ಲಿ ಪ್ರಕಟವಾದ ಪ್ರಿಸಿಷನ್ ಅಧ್ಯಯನದ ಪ್ರಕಾರ ಹೀಗೆ ಮಾಡಿದಾಗ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬಯಾಪ್ಸಿಯೇ ತಪ್ಪುತ್ತದೆ, ಉಗ್ರ ಕ್ಯಾನ್ಸರ್ ಹೆಚ್ಚು ಸಿಗುತ್ತದೆ, ನಿರುಪದ್ರವಿಯಾದದ್ದು ಕಡಿಮೆ ಸಿಗುತ್ತದೆ. ಸೂಜಿ ಗುದನಾಳದ ಗೋಡೆಯನ್ನು ತೂರಿ ಹೋಗುವ ಹಳೆಯ ವಿಧಾನದಲ್ಲಿ ಮಲದ ಬ್ಯಾಕ್ಟೀರಿಯಾ ರಕ್ತ ಸೇರುವ ಅಪಾಯವಿದೆ. ಆಂಟಿಬಯಾಟಿಕ್‌ಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚಿರುವ ಭಾರತದಲ್ಲಿ ಇದು ಸಣ್ಣ ಅಪಾಯವಲ್ಲ. ವೃಷಣಚೀಲ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ ಸೂಜಿ ಹಾಕುವ ವಿಧಾನ ಅದಕ್ಕಿಂತ ಸುರಕ್ಷಿತ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯ ಊರೂರಿನಲ್ಲೂ ಇದೆ. ಈ ಗ್ರಂಥಿಯ ಬಯಾಪ್ಸಿಯಲ್ಲಿ ಸೂಜಿಯ ಹಾದಿಯಲ್ಲಿ ರೋಗ ಕೂರುವುದು ಅತ್ಯಂತ ವಿರಳ. ಆ ಭಯದಿಂದ ತಡಮಾಡಿದವರಿಗೆ ಆಗುವ ನಷ್ಟದ ಮುಂದೆ ಅದು ಗಣನೆಗೇ ಬಾರದು.

ತೆಗೆದ ತುಣುಕುಗಳು ರೋಗಶಾಸ್ತ್ರಜ್ಞರ ಸೂಕ್ಷ್ಮದರ್ಶಕದಡಿ ಹೋಗುತ್ತವೆ. ಮಿನಿಯಾಪೊಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯ ಡೊನಾಲ್ಡ್ ಗ್ಲೀಸನ್ 1966ರಲ್ಲಿ ಸೂಚಿಸಿದ ಕ್ರಮ ಇಂದಿಗೂ ಅಡಿಗಲ್ಲಾಗಿ ನಿಂತಿದೆ. ಒಂದೊಂದು ಜೀವಕೋಶದ ವಿಕಾರವನ್ನು ನೋಡುವ ಗೋಜಿಗೆ ಹೋಗದೆ, ಕೋಶಗಳು ಸೇರಿ ಕಟ್ಟುವ ಗ್ರಂಥಿನಾಳಗಳ ಆಕಾರ ಎಷ್ಟು ಕೆಟ್ಟಿದೆ ಎಂಬುದನ್ನು ಅವರು ಐದು ಮಾದರಿಗಳಲ್ಲಿ ವಿಂಗಡಿಸಿದರು. ಹೆಚ್ಚಾಗಿ ಕಾಣುವ ಎರಡು ಮಾದರಿಗಳ ಅಂಕ ಕೂಡಿಸಿದರೆ ಗ್ಲೀಸನ್ ಮೊತ್ತ. ಇಂದು ವರದಿಯಲ್ಲಿ ಬರುವ ಅತಿ ಕಡಿಮೆ ಮೊತ್ತ 6, ಅತಿ ಹೆಚ್ಚು 10. ಹತ್ತಕ್ಕೆ ಆರು ಎಂದು ಓದಿದ ರೋಗಿ ರೋಗ ಅರ್ಧ ದಾಟಿತೆಂದು ಕುಸಿದುಹೋಗುತ್ತಿದ್ದ. ನಿಜಕ್ಕೂ ಅದು ಅತ್ಯಂತ ಸೌಮ್ಯವಾದದ್ದು. ಈ ಗೊಂದಲ ನೀಗಲು 2014ರಿಂದ 1ರಿಂದ 5ರವರೆಗಿನ ದರ್ಜೆ ಗುಂಪುಗಳು ಬಂದಿವೆ. ಮೊತ್ತ 6 ಎಂದರೆ ಗುಂಪು 1. ಮೊತ್ತ 7 ಇದ್ದಾಗ ಅದು 3 ಕೂಡಿಸು 4 ಆಗಿದ್ದರೆ ಗುಂಪು 2, 4 ಕೂಡಿಸು 3 ಆಗಿದ್ದರೆ ಗುಂಪು 3. ಮೊತ್ತ ಒಂದೇ ಆದರೂ ಎರಡನೆಯದು ಹೆಚ್ಚು ಉಗ್ರ. ಮೊತ್ತ 8 ಗುಂಪು 4ಕ್ಕೂ, 9 ಮತ್ತು 10 ಗುಂಪು 5ಕ್ಕೂ ಸೇರುತ್ತವೆ. ಈ ದರ್ಜೆ, ಪಿಎಸ್‌ಎ ಮಟ್ಟ, ಗಡ್ಡೆ ಗ್ರಂಥಿಯ ಒಳಗಿದೆಯೋ ಹೊರಚಾಚಿದೆಯೋ ಎಂಬ ಹಂತ, ಈ ಮೂರನ್ನು ಜೋಡಿಸಿ ರೋಗವನ್ನು ಕಡಿಮೆ, ಮಧ್ಯಮ, ಹೆಚ್ಚು ಅಪಾಯದ್ದೆಂದು ವಿಂಗಡಿಸುತ್ತಾರೆ. ಪಿಎಸ್‌ಎ 10ರ ಒಳಗೆ, ಗ್ಲೀಸನ್ 6, ಗಡ್ಡೆ ಒಂದು ಬದಿಯ ಅರ್ಧಕ್ಕೆ ಸೀಮಿತ ಎಂದಾದರೆ ಕಡಿಮೆ ಅಪಾಯ. ಪಿಎಸ್‌ಎ 20 ದಾಟಿದ್ದರೆ ಇಲ್ಲವೇ ಗ್ಲೀಸನ್ 8 ಮುಟ್ಟಿದ್ದರೆ ಹೆಚ್ಚು ಅಪಾಯ.

ಕಡಿಮೆ ಅಪಾಯದ ರೋಗಕ್ಕೆ ಇಂದು ಮೊದಲ ಸಲಹೆ ಸಕ್ರಿಯ ನಿಗಾ. ಕೆನಡಾದ ಟೊರಾಂಟೊದಲ್ಲಿ ಲಾರೆನ್ಸ್ ಕ್ಲಾಟ್ಜ್ 1990ರ ದಶಕದಲ್ಲಿ ಇದನ್ನು ಶುರುಮಾಡಿದಾಗ ಎದುರಾದ ವಿರೋಧ ಕಡಿಮೆಯದಲ್ಲ. ಆರು ತಿಂಗಳಿಗೊಮ್ಮೆ ಪಿಎಸ್‌ಎ, ಬೇಕೆನಿಸಿದಾಗ ಎಂಆರ್‌ಐ, ಕೆಲವು ವರ್ಷಗಳಿಗೊಮ್ಮೆ ಮರುಬಯಾಪ್ಸಿ. ರೋಗದ ದರ್ಜೆ ಏರಿದರೆ ಮಾತ್ರ ಚಿಕಿತ್ಸೆ. ಇದು ಕೈಚೆಲ್ಲಿ ಕೂರುವುದಲ್ಲ, ರೋಗಿಯೂ ವೈದ್ಯರೂ ಶಿಸ್ತಿನಿಂದ ಪಾಲಿಸಬೇಕಾದ ವ್ಯವಸ್ಥೆ. ಕ್ಯಾನ್ಸರ್ ಎಂದು ತಿಳಿದೂ ಏನೂ ಮಾಡದೆ ಬಿಡುವುದೇ ಎಂದು ಮನೆಯವರು ಕೇಳುತ್ತಾರೆ. ಅದಕ್ಕೆ ಉತ್ತರ ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿದೆ. ಗ್ರಂಥಿಗೆ ಸೀಮಿತವಾದ ಕ್ಯಾನ್ಸರ್ ಇದ್ದ 1,643 ಮಂದಿಯನ್ನು ಚೀಟಿ ಎತ್ತಿದಂತೆ ನಿಗಾ, ಶಸ್ತ್ರಕ್ರಿಯೆ, ವಿಕಿರಣ ಎಂದು ಮೂರು ಗುಂಪು ಮಾಡಲಾಯಿತು. ಹದಿನೈದು ವರ್ಷಗಳ ನಂತರ 2023ರಲ್ಲಿ ಪ್ರಕಟವಾದ ಲೆಕ್ಕದಂತೆ ಈ ಕ್ಯಾನ್ಸರಿನಿಂದ ಸತ್ತವರು ಒಟ್ಟು ಶೇ. 2.7, ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ರೋಗ ದೂರದ ಅಂಗಗಳಿಗೆ ಹರಡಿದ್ದು ಮಾತ್ರ ನಿಗಾ ಗುಂಪಿನಲ್ಲಿ ಶೇ. 9.4, ಶಸ್ತ್ರಕ್ರಿಯೆಯಲ್ಲಿ 4.7, ವಿಕಿರಣದಲ್ಲಿ 5. ನಿಗಾ ಗುಂಪಿನ ಸುಮಾರು ಶೇ. 60 ಮಂದಿ ಮುಂದೊಂದು ದಿನ ಚಿಕಿತ್ಸೆಗೆ ಬದಲಾದರು. ನಿರ್ಧಾರಕ್ಕೆ ಸಮಯವಿದೆ, ಅವಸರ ಬೇಡ ಎಂಬುದು ಇದರಿಂದ ಸ್ಪಷ್ಟ. ಆದರೆ ಈ ಅಂಕಿಗಳು ಪಿಎಸ್‌ಎಯಿಂದ ಬೇಗ ಸಿಕ್ಕ ರೋಗದವು. ಪಿಎಸ್‌ಎ ತಪಾಸಣೆ ರೂಢಿಗೆ ಬರುವ ಮುನ್ನ, ಹೆಚ್ಚಾಗಿ ಬೆರಳಿಗೆ ಸಿಗುವಷ್ಟು ಬೆಳೆದ ಮೇಲೆ ರೋಗ ಪತ್ತೆಯಾಗಿದ್ದ 695 ಸ್ಕ್ಯಾಂಡಿನೇವಿಯನ್ನರ ಅಧ್ಯಯನದಲ್ಲಿ ಸುಮ್ಮನೆ ಕಾದವರಿಗಿಂತ ಶಸ್ತ್ರಕ್ರಿಯೆಗೆ ಒಳಗಾದವರು ಸರಾಸರಿ ಸುಮಾರು ಮೂರು ವರ್ಷ ಹೆಚ್ಚು ಬದುಕಿದರು. ಕರ್ನಾಟಕದ ರೋಗಿಗಳಲ್ಲಿ ಹಲವರಿಗೆ ಈ ಎರಡನೆಯ ಚಿತ್ರವೇ ಹತ್ತಿರ.

ಗ್ರಂಥಿಯನ್ನು ಪೂರ್ತಿ ತೆಗೆಯುವ ಶಸ್ತ್ರಕ್ರಿಯೆಯನ್ನು 1904ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ನಡೆಸಿದರು. ಅದಾದ ಮುಕ್ಕಾಲು ಶತಮಾನದವರೆಗೆ ಈ ಶಸ್ತ್ರಕ್ರಿಯೆ ಎಂದರೆ ರಕ್ತಸ್ರಾವ, ಅನೇಕರಿಗೆ ಮೂತ್ರದ ಮೇಲೆ ಹಿಡಿತ ತಪ್ಪುವುದು, ಹೆಚ್ಚುಕಡಿಮೆ ಎಲ್ಲರಿಗೂ ನಿಮಿರುವಿಕೆ ಹೋಗುವುದು ಎಂದೇ ಅರ್ಥವಾಗಿತ್ತು. ನಿಮಿರುವಿಕೆಯನ್ನು ನಡೆಸುವ ನರಗಳು ಎಲ್ಲಿ ಹಾದುಹೋಗುತ್ತವೆ ಎಂಬುದೇ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ವಯಸ್ಕರ ಶವಗಳಲ್ಲಿ ಅವು ಕೊಬ್ಬಿನೊಳಗೆ ಹೂತು ಕಾಣದಾಗಿರುತ್ತವೆ. 1981ರಲ್ಲಿ ಹಾಪ್ಕಿನ್ಸ್‌ನ ಪ್ಯಾಟ್ರಿಕ್ ವಾಲ್ಶ್ ನೆದರ್‌ಲ್ಯಾಂಡ್ಸ್‌ನ ಲೈಡನ್‌ಗೆ ಹೋದಾಗ, ನಿವೃತ್ತ ಮೂತ್ರಾಂಗ ತಜ್ಞ ಪೀಟರ್ ಡಾಂಕರ್ ಸತ್ತು ಹುಟ್ಟಿದ ಶಿಶುಗಳ ದೇಹದಲ್ಲಿ ಈ ನರಗಳನ್ನು ಬಿಡಿಸುತ್ತಿದ್ದರು. ಇಬ್ಬರೂ ಕೂಡಿ ನೋಡಿದಾಗ ನರಗಳು ಗ್ರಂಥಿಯ ಒಳಗಲ್ಲ, ಅದರ ಹೊರಪೊರೆಗೆ ಅಂಟಿ ಎರಡೂ ಪಕ್ಕದಲ್ಲಿ ಇಳಿಯುತ್ತವೆ ಎಂಬುದು ಕಂಡಿತು. 1982ರ ಏಪ್ರಿಲ್‌ನಲ್ಲಿ ವಾಲ್ಶ್ ಆ ನರಗಳನ್ನು ಉಳಿಸಿ ಗ್ರಂಥಿಯನ್ನು ಮಾತ್ರ ತೆಗೆದರು. ಇಂದಿನ ಎಲ್ಲ ಶಸ್ತ್ರಕ್ರಿಯೆಗಳೂ, ರೋಬಾಟ್ ನೆರವಿನದೂ ಸೇರಿ, ಈ ತಿಳಿವಿನ ಮೇಲೆ ನಿಂತಿವೆ.

ರೋಬಾಟ್ ಬಗ್ಗೆ ಬೆಂಗಳೂರಿನ ಜಾಹೀರಾತು ಫಲಕಗಳಲ್ಲಿ ಕಾಣುವ ಭರವಸೆಯನ್ನು ಅಳೆದು ಸ್ವೀಕರಿಸಬೇಕು. ರಕ್ತಸ್ರಾವ ಕಡಿಮೆ, ಆಸ್ಪತ್ರೆವಾಸ ಕಡಿಮೆ ಎಂಬುದು ನಿಜ. ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಹೊಟ್ಟೆ ತೆರೆದು ಮಾಡುವ ವಿಧಾನವನ್ನೂ ರೋಬಾಟ್ ವಿಧಾನವನ್ನೂ ನೇರವಾಗಿ ಹೋಲಿಸಿದಾಗ ಎರಡು ವರ್ಷಗಳ ನಂತರ ಮೂತ್ರದ ಹಿಡಿತದಲ್ಲೂ ಲೈಂಗಿಕ ಸಾಮರ್ಥ್ಯದಲ್ಲೂ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. ಯಂತ್ರಕ್ಕಿಂತ ಅದರ ಹಿಂದಿನ ಕೈಯ ಅನುಭವ ಮುಖ್ಯ. ಶಸ್ತ್ರವೈದ್ಯರನ್ನು ಕೇಳಬೇಕಾದ ಪ್ರಶ್ನೆ ವರ್ಷಕ್ಕೆ ಇಂಥವೆಷ್ಟು ಮಾಡುತ್ತೀರಿ ಎಂಬುದು. ಶಸ್ತ್ರಕ್ರಿಯೆಯ ನಂತರ ಮೊದಲ ತಿಂಗಳುಗಳಲ್ಲಿ ಕೆಮ್ಮಿದಾಗ, ಎದ್ದಾಗ ಮೂತ್ರ ಸೋರುವುದು ಸಾಮಾನ್ಯ. ವಸ್ತಿಕುಹರದ ತಳದ ಸ್ನಾಯುಗಳ ವ್ಯಾಯಾಮವನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ಕಲಿತವರು ಬೇಗ ಚೇತರಿಸಿಕೊಳ್ಳುತ್ತಾರೆ. ಹೆಚ್ಚಿನವರಿಗೆ ವರ್ಷದೊಳಗೆ ಹಿಡಿತ ಮರಳುತ್ತದೆ. ನಿಮಿರುವಿಕೆ ಮರಳಲು ಒಂದೂವರೆ ಎರಡು ವರ್ಷ ಹಿಡಿಯಬಹುದು, ಮರಳದೆಯೂ ಇರಬಹುದು. ಈ ಮಾತನ್ನು ದಂಪತಿಗಳಿಬ್ಬರ ಮುಂದೆ ಶಸ್ತ್ರಕ್ರಿಯೆಗೆ ಮೊದಲೇ ಬಿಚ್ಚಿ ಹೇಳುವುದು ವೈದ್ಯರ ಕರ್ತವ್ಯ. ಎಪ್ಪತ್ತರ ಮನುಷ್ಯನಿಗೆ ಅದೆಲ್ಲ ಏಕೆ ಎಂದು ತಳ್ಳಿಹಾಕುವ ಹಕ್ಕು ಅವರಿಗಿಲ್ಲ.

ವಿಕಿರಣ ಚಿಕಿತ್ಸೆಯ ಫಲ ಶಸ್ತ್ರಕ್ರಿಯೆಗೆ ಸಮನಾದದ್ದು. ಏಳೆಂಟು ವಾರ ದಿನವೂ ಆಸ್ಪತ್ರೆಗೆ ಬರಬೇಕಾಗಿದ್ದುದು ಬ್ರಿಟನ್ನಿನ ಚಿಪ್ ಅಧ್ಯಯನದ ನಂತರ ನಾಲ್ಕು ವಾರಗಳ 20 ಸರದಿಗೆ ಇಳಿಯಿತು. ಆಯ್ದ ರೋಗಿಗಳಿಗೆ ಐದೇ ಸರದಿ ಸಾಕೆಂದು 2024ರ ಪೇಸ್-ಬಿ ಫಲಿತಾಂಶ ತೋರಿಸಿದೆ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದು ನಗರದಲ್ಲಿ ಬಾಡಿಗೆ ಕೋಣೆ ಹಿಡಿಯುವ ಕುಟುಂಬಕ್ಕೆ ಇದರ ಬೆಲೆ ಗೊತ್ತು. ಮೂತ್ರದ ಉರಿ, ಮಲದಲ್ಲಿ ರಕ್ತ, ವರ್ಷಗಳ ನಂತರ ನಿಧಾನವಾಗಿ ಕುಗ್ಗುವ ಲೈಂಗಿಕ ಸಾಮರ್ಥ್ಯ ಇದರ ಅಡ್ಡಪರಿಣಾಮಗಳು. ವಿಕಿರಣ ಸೂಸುವ ಅಯೊಡಿನ್ ಬೀಜಗಳನ್ನು ಗ್ರಂಥಿಯೊಳಗೇ ನೆಡುವ ವಿಧಾನವೂ ಇದೆ. ಹೆಚ್ಚು ಅಪಾಯದ ರೋಗದಲ್ಲಿ ವಿಕಿರಣವೊಂದೇ ಸಾಲದು. ಅದರ ಜೊತೆ ಎರಡು ಮೂರು ವರ್ಷ ಹಾರ್ಮೋನ್ ತಡೆಯುವ ಚಿಕಿತ್ಸೆ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು ಯುರೋಪಿನ ಅಧ್ಯಯನ 1997ರಲ್ಲೇ ತೋರಿಸಿತು. ಶಸ್ತ್ರಕ್ರಿಯೆ, ವಿಕಿರಣ ಎರಡರ ನಂತರವೂ ಕಾವಲು ಪಿಎಸ್‌ಎಯದ್ದೇ. ಗ್ರಂಥಿ ತೆಗೆದ ಮೇಲೆ ಅದು ಸೊನ್ನೆಯ ಹತ್ತಿರ ಇಳಿಯಬೇಕು, 0.2 ಮುಟ್ಟಿದರೆ ರೋಗ ಮರಳಿದ ಸೂಚನೆ. ವಿಕಿರಣ ಪಡೆದವರಲ್ಲಿ ತಲುಪಿದ ಅತಿ ಕೆಳಮಟ್ಟಕ್ಕಿಂತ 2 ಹೆಚ್ಚಾದರೆ ಹಾಗೆನ್ನುತ್ತಾರೆ.

ಹರಡಿದ ರೋಗದ ಚಿಕಿತ್ಸೆಗೆ ಬುನಾದಿ ಹಾಕಿದವರು ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್. ಮುದಿ ನಾಯಿಗಳಿಗೂ ಮನುಷ್ಯರಂತೆ ಪ್ರಾಸ್ಟೇಟ್ ಉಬ್ಬುತ್ತದೆ. ವೃಷಣ ತೆಗೆದರೆ ಆ ಗ್ರಂಥಿ ಸೊರಗುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. 1941ರಲ್ಲಿ ಕ್ಲಾರೆನ್ಸ್ ಹಾಜಸ್ ಜೊತೆಗೂಡಿ, ಮೂಳೆಗೆ ಕ್ಯಾನ್ಸರ್ ಹರಡಿದ ರೋಗಿಗಳ ವೃಷಣ ತೆಗೆದಾಗ ರೋಗ ತಗ್ಗುತ್ತದೆಂದು ತೋರಿಸಿದರು. ನೋವಿನಿಂದ ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು. ಕ್ಯಾನ್ಸರ್ ಕೋಶ ಎಂದರೆ ದೇಹದ ಯಾವ ಅಂಕೆಗೂ ಸಿಗದ್ದು ಎಂಬ ನಂಬಿಕೆ ಅಲ್ಲಿ ಬಿದ್ದುಹೋಯಿತು. ಅದು ಟೆಸ್ಟೋಸ್ಟೆರಾನನ್ನು ಬೇಡುತ್ತದೆ, ಕೊಡದಿದ್ದರೆ ಸೊರಗುತ್ತದೆ. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂದಿತು. ಮೆದುಳಿನ ತಳದಿಂದ ಹೊರಟು ಪಿಟ್ಯುಟರಿಯ ಮೂಲಕ ವೃಷಣಕ್ಕೆ ಹೋಗುವ ಹಾರ್ಮೋನ್ ಆಜ್ಞೆಯ ಸ್ವರೂಪವನ್ನು 1970ರ ದಶಕದಲ್ಲಿ ಬಿಡಿಸಿದ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಲೆಮಿನ್ 1977ರ ನೊಬೆಲ್ ಹಂಚಿಕೊಂಡವರಲ್ಲಿದ್ದರು. ಆ ಆಜ್ಞೆಯನ್ನು ಕೆಡಿಸುವ ಲ್ಯುಪ್ರೊಲೈಡ್, ಗೋಸೆರೆಲಿನ್ ಚುಚ್ಚುಮದ್ದುಗಳು ಅದರ ಫಲ. ಇವು ಮೊದಲ ಎರಡು ವಾರ ಟೆಸ್ಟೋಸ್ಟೆರಾನನ್ನು ಏರಿಸಿ ನಂತರ ತಳಕ್ಕೆ ಇಳಿಸುತ್ತವೆ. ಬೆನ್ನುಹುರಿಯ ಪಕ್ಕ ಗಡ್ಡೆ ಇರುವವರಿಗೆ ಆ ಏರಿಕೆ ಅಪಾಯಕಾರಿ, ಮುಂಚಿತವಾಗಿ ಬೈಕಾಲುಟಮೈಡ್ ಮಾತ್ರೆ ಕೊಡಬೇಕು. ಡೆಗಾರೆಲಿಕ್ಸ್ ಎಂಬ ಚುಚ್ಚುಮದ್ದಿಗೆ ಆ ತೊಂದರೆಯಿಲ್ಲ.

ಭಾರತದಲ್ಲಿ ವೃಷಣ ತೆಗೆಯುವ ಚಿಕ್ಕ ಶಸ್ತ್ರಕ್ರಿಯೆ ಇಂದಿಗೂ ಬಳಕೆಯಲ್ಲಿದೆ, ಇರುವುದು ಸರಿಯೂ ಹೌದು. ಒಂದೇ ಸಲ, ಕಡಿಮೆ ಖರ್ಚು, ಟೆಸ್ಟೋಸ್ಟೆರಾನ್ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದಿಗೆ ಬರುವುದು ತಪ್ಪಿಹೋಗುವ ಭಯವಿಲ್ಲ. ಗಂಡಸುತನ ಹೋಯಿತೆಂಬ ನೋವು ಮಾತ್ರ ನಿಜವಾದದ್ದು. ಚುಚ್ಚುಮದ್ದಿನಿಂದಲೂ ದೇಹದಲ್ಲಿ ಆಗುವುದು ಅದೇ ಎಂದು ತಿಳಿಸಿ, ಆಯ್ಕೆಯನ್ನು ರೋಗಿಗೇ ಬಿಡಬೇಕು. ಟೆಸ್ಟೋಸ್ಟೆರಾನ್ ಇಳಿದವರಿಗೆ ಮೈ ಬಿಸಿಯೇರಿ ಬೆವರುವುದು, ಆಸೆ ಕುಂದುವುದು, ಸ್ನಾಯು ಕರಗಿ ಕೊಬ್ಬು ಸೇರುವುದು, ಸಕ್ಕರೆ ಕಾಯಿಲೆ ಹೆಚ್ಚುವುದು, ಮೂಳೆ ಟೊಳ್ಳಾಗುವುದು ಇವೆಲ್ಲ ಬರುತ್ತವೆ. ದಿನನಿತ್ಯದ ನಡಿಗೆ, ತೂಕದ ವ್ಯಾಯಾಮ, ಕ್ಯಾಲ್ಸಿಯಂ, ವಿಟಮಿನ್ ಡಿ ಇಲ್ಲಿ ಔಷಧದಷ್ಟೇ ಅಗತ್ಯ.

ಹಾರ್ಮೋನ್ ತಡೆದರೂ ಕೆಲವು ವರ್ಷಗಳ ನಂತರ ರೋಗ ಮತ್ತೆ ತಲೆಯೆತ್ತುತ್ತದೆ. ಕ್ಯಾನ್ಸರ್ ಕೋಶಗಳು ಅಡ್ರಿನಲ್ ಗ್ರಂಥಿಯ ಹಾರ್ಮೋನನ್ನು ಬಳಸಿಕೊಳ್ಳಲು, ಕೊನೆಗೆ ತಾವೇ ತಯಾರಿಸಿಕೊಳ್ಳಲು ಕಲಿಯುತ್ತವೆ. ಈ ಘಟ್ಟದಲ್ಲಿ ಆಯುಷ್ಯ ಹೆಚ್ಚಿಸಿದ ಮೊದಲ ಕೀಮೋಥೆರಪಿ ಡೋಸೆಟಾಕ್ಸೆಲ್, 2004ರಲ್ಲಿ. ಹಾರ್ಮೋನ್ ತಯಾರಿಕೆಯನ್ನು ಎಲ್ಲೆಡೆಯೂ ನಿಲ್ಲಿಸುವ ಅಬಿರಾಟೆರೋನ್ 2011ರಲ್ಲಿ, ಕೋಶದೊಳಗಿನ ಗ್ರಾಹಕವನ್ನೇ ಮುಚ್ಚುವ ಎಂಜಲುಟಮೈಡ್ 2012ರಲ್ಲಿ ಬಂದವು. ಕೊನೆಯ ಅಸ್ತ್ರಗಳೆಂದು ಬಂದ ಇವನ್ನು ಆರಂಭದಲ್ಲೇ ಕೊಟ್ಟರೆ ಲಾಭ ಹಲವು ಪಟ್ಟು ಎಂಬುದು ನಂತರದ ದೊಡ್ಡ ಪಾಠ. 2015ರ ಚಾರ್ಟೆಡ್ ಅಧ್ಯಯನದಲ್ಲಿ ಹರಡಿದ ರೋಗಕ್ಕೆ ಹಾರ್ಮೋನ್ ತಡೆಯ ಜೊತೆಗೇ ಡೋಸೆಟಾಕ್ಸೆಲ್ ಪಡೆದವರ ಮಧ್ಯಸ್ಥ ಆಯುಷ್ಯ 44 ತಿಂಗಳಿಂದ 57.6 ತಿಂಗಳಿಗೆ ಏರಿತು. ಅಬಿರಾಟೆರೋನ್ ಇಂದು ಭಾರತದ ಕಂಪನಿಗಳ ಜೆನೆರಿಕ್ ರೂಪದಲ್ಲಿ ಸಿಗುತ್ತದೆ. ಖಾಲಿಹೊಟ್ಟೆಯಲ್ಲಿ 1000 ಮಿಲಿಗ್ರಾಂ ಬದಲು, ಕಡಿಮೆ ಕೊಬ್ಬಿನ ತಿಂಡಿಯೊಡನೆ 250 ಮಿಲಿಗ್ರಾಂ ಕೊಟ್ಟರೂ ಪಿಎಸ್‌ಎ ಅಷ್ಟೇ ಇಳಿಯುತ್ತದೆಂದು 2018ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನ ತೋರಿಸಿತು. ಖರ್ಚನ್ನು ಕಾಲುಭಾಗಕ್ಕೆ ಇಳಿಸುವ ಈ ದಾರಿ ಬಡ ರೋಗಿಗೆ ಚಿಕಿತ್ಸೆ ಸಿಗುವುದಕ್ಕೂ ಸಿಗದಿರುವುದಕ್ಕೂ ನಡುವಿನ ಅಂತರವಾಗಬಲ್ಲದು. ವೈದ್ಯರ ಸಲಹೆಯಿಲ್ಲದೆ ಪ್ರಮಾಣ ಬದಲಿಸುವುದು ಮಾತ್ರ ಕೂಡದು. ಹರಡಿದ ರೋಗದವರಲ್ಲಿ ಸುಮಾರು ಶೇ. 12 ಮಂದಿಗೆ ಡಿಎನ್‌ಎ ದುರಸ್ತಿಯ ವಂಶವಾಹಿಗಳಲ್ಲಿ ಹುಟ್ಟಿನಿಂದ ಬಂದ ದೋಷವಿರುತ್ತದೆ. ಬಿಆರ್‌ಸಿಎ ದೋಷವಿದ್ದವರಿಗೆ ಒಲಾಪರಿಬ್ ಎಂಬ ಔಷಧ ಕೆಲಸ ಮಾಡುತ್ತದೆ, ಮತ್ತು ಆ ಪರೀಕ್ಷೆಯ ಫಲಿತಾಂಶ ಮಕ್ಕಳಿಗೂ ಮುನ್ನೆಚ್ಚರಿಕೆ.

ಇನ್ನೊಂದು ಹೊಸ ದಾರಿ ಪಿಎಸ್‌ಎಂಎ ಎಂಬ ಪ್ರೋಟೀನಿನದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಇದು ದಟ್ಟವಾಗಿರುತ್ತದೆ. ಅದಕ್ಕೆ ಅಂಟುವ ಅಣುವಿಗೆ ಗ್ಯಾಲಿಯಂ-68 ಜೋಡಿಸಿದರೆ ಪೆಟ್ ಚಿತ್ರದಲ್ಲಿ ರೋಗ ಎಲ್ಲೆಲ್ಲಿದೆ ಎಂಬುದು ಕಾಣುತ್ತದೆ. ಲುಟೇಶಿಯಂ-177 ಜೋಡಿಸಿದರೆ ಅದೇ ಜಾಗದಲ್ಲಿ ಒಂದೆರಡು ಮಿಲಿಮೀಟರ್ ವ್ಯಾಪ್ತಿಯ ವಿಕಿರಣ ಕೋಶಗಳನ್ನು ಕೊಲ್ಲುತ್ತದೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಚಿಕಿತ್ಸೆ ಭಾರತದಲ್ಲಿ ಅದಕ್ಕೂ ಮುಂಚಿನಿಂದ ನಡೆಯುತ್ತಿದೆ. ಟ್ರಾಂಬೆಯ ಧ್ರುವ ರಿಯಾಕ್ಟರ್‌ನಲ್ಲಿ ಲುಟೇಶಿಯಂ ತಯಾರಾಗುವುದೂ ಅದಕ್ಕೆ ಒಂದು ಕಾರಣ.

ಈ ರೋಗ ಹಬ್ಬುವಾಗ ಮೊದಲು ಹಿಡಿಯುವುದು ಹೆಚ್ಚಾಗಿ ಬೆನ್ನುಮೂಳೆ, ಸೊಂಟದ ಮೂಳೆ. ರಾತ್ರಿ ಮಲಗಿದಾಗ ಹೆಚ್ಚುವ ಬೆನ್ನುನೋವು, ಕಾಲಿನಲ್ಲಿ ಜೋಮು, ನಡಿಗೆಯಲ್ಲಿ ತಡವರಿಕೆ, ಮೂತ್ರ ಕಟ್ಟುವುದು ಕಂಡರೆ ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದರ್ಥ. ಇದು ಅದೇ ದಿನ ಎಂಆರ್‌ಐ ಮಾಡಿ, ಡೆಕ್ಸಾಮೆಥಸೋನ್ ಕೊಟ್ಟು, ವಿಕಿರಣವನ್ನೋ ಶಸ್ತ್ರಕ್ರಿಯೆಯನ್ನೋ ಆರಂಭಿಸಬೇಕಾದ ತುರ್ತು. ಚಿಕಿತ್ಸೆ ಶುರುವಾದಾಗ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಂಭವ ಹೆಚ್ಚು. ಕಾಲು ಪೂರ್ತಿ ಸೋತು ಎರಡು ದಿನ ಕಳೆದವರಿಗೆ ಶಕ್ತಿ ಮರಳುವುದು ಅಪರೂಪ. ಮೂಳೆನೋವಿಗೆ 8 ಗ್ರೇ ಪ್ರಮಾಣದ ಒಂದೇ ಸರದಿಯ ವಿಕಿರಣ ಹಲವು ಸರದಿಗಳಷ್ಟೇ ಆರಾಮ ಕೊಡುತ್ತದೆ. ದೂರದೂರಿನ ರೋಗಿ ಅಂದೇ ಬಂದು ಅಂದೇ ಹಿಂದಿರುಗಬಹುದು. ಅದೂ ಸಾಲದಾದಾಗ ಮಾರ್ಫಿನ್ ಇದೆ. 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದಾಗಿ ದಶಕಗಳ ಕಾಲ ಅದು ರೋಗಿಗಳ ಕೈಗೆ ಎಟುಕದೆ ಹೋಗಿತ್ತು. 2014ರ ತಿದ್ದುಪಡಿ ಪರವಾನಗಿಯ ತೊಡಕುಗಳನ್ನು ಸಡಿಲಿಸಿದೆ. ಮಾನ್ಯತೆ ಪಡೆದ ಆಸ್ಪತ್ರೆಗಳು ಈಗ ಅದನ್ನು ಒಂದೇ ಪರವಾನಗಿಯಡಿ ಇಟ್ಟುಕೊಂಡು, ಮನೆಯಲ್ಲೇ ನುಂಗುವ ಮಾತ್ರೆಯಾಗಿ ರೋಗಿಗೆ ಕೊಡಬಹುದು.